ಬರೆಯದೆ ಬಿಟ್ಟ ನದಿ

ನಮ್ಮ ಯಜಮಾನರಿಗೆ ಅವರ ತಾಯಿ ಇಟ್ಟ ಹೆಸರು ಬೆಣ್ಣೆ ಕದ್ದ ದೇವರದು. ಅದಕ್ಕಿಂತ ಹೆಚ್ಚು ಬಿಡಿಸಿ ಹೇಳುವ ಅಗತ್ಯ ಕನ್ನಡ ಓದುವವರಿಗೆ ಇಲ್ಲ. ಆ ಕಾಲದಲ್ಲಿ ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಎತ್ತುತ್ತಿರಲಿಲ್ಲ. ಎತ್ತಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಅನ್ನುವುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ, ಹಾಲು ಕುಡಿಯುವಾಗಲೇ ಗೊತ್ತಾಗಿರುತ್ತಿತ್ತು. ದೇವರ ಹೆಸರೇ ಗಂಡನದೂ ಆದರೆ ದೇವರನ್ನೂ ಕರೆಯುವಂತಿಲ್ಲ. ನಮ್ಮ ತಾಲ್ಲೂಕು ಪೇಟೆಯ ಪೂರ್ತಿ ಹೆಸರಿನಲ್ಲೂ ಅದೇ ಬಂದು ಕೂತಿತ್ತು. ಬೇರೆಯವರು ಸಲೀಸಾಗಲಿ ಎಂದು ಕೆ.ಆರ್.ನಗರ ಅನ್ನುತ್ತಿದ್ದರೆ ನಾನು ವಿಧಿಯಿಲ್ಲದೆ ಅನ್ನುತ್ತಿದ್ದೆ. ಅತ್ತೆಗೆ ಅದೂ ಸಮಾಧಾನವಿಲ್ಲ. ಹಳೇ ಹೆಸರು ಎಡತೊರೆ ಇದೆಯಲ್ಲ, ಅದನ್ನೇ ಅನ್ನು ಎಂದು ಗದರುತ್ತಿದ್ದರು.

ಸಂಸಾರದಲ್ಲಿ ಇದೆಲ್ಲ ನಡೆದುಕೊಂಡು ಹೋಗುತ್ತಿತ್ತು. ನಡೆಯದೆ ಹೋದದ್ದು ಪರೀಕ್ಷೆಯಲ್ಲಿ.

ನನ್ನ ತವರು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು. ಅಲ್ಲಿ ಮಿಡ್ಲ್ ಸ್ಕೂಲು ಮುಗಿಯುವವರೆಗೂ ಓದಿದ್ದೆ. ಕೊನೆಗೆ ಸರ್ಕಾರದ ಲೋಯರ್ ಸೆಕೆಂಡರಿ ಪರೀಕ್ಷೆ, ಎಲ್.ಎಸ್. ಅಂತ ಎಲ್ಲರೂ ಕರೆಯುತ್ತಿದ್ದದ್ದು. ಅದು ಇನ್ನೇನು ಬಂತು ಅನ್ನುವಾಗ ಒಳ್ಳೆಯ ಸಂಬಂಧ ಕೈತಪ್ಪಬಾರದೆಂದು ಮದುವೆ ಮಾಡಿಬಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ಕೊಟ್ಟ ಊರು ಚುಂಚನಕಟ್ಟೆಯ ಹತ್ತಿರದ ಒಂದು ಹಳ್ಳಿ. ನಾಲೆ ಬಯಲು, ಭತ್ತದ ಗದ್ದೆ, ಹೊಟ್ಟೆಬಟ್ಟೆಗೆ ತೊಂದರೆಯಿಲ್ಲದ ಗೌಡರ ಮನೆ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆ, ಯಜಮಾನರು, ನಾನು, ಇಷ್ಟೇ ಜನ.

ಊರಲ್ಲಿ ಒಂದು ಪ್ರೈಮರಿ ಸ್ಕೂಲಿತ್ತು. ಹೆಣ್ಣುಮಕ್ಕಳು ಸ್ವಲ್ಪ ಉದ್ದವಾದ ಕೂಡಲೇ ಗಂಡು ಮೇಷ್ಟ್ರ ಮುಂದೆ ಕೂರಬಾರದೆಂದು ಬಿಡಿಸಿಬಿಡುತ್ತಿದ್ದರು. ಒಮ್ಮೆ ಸ್ಕೂಲು ನೋಡಲು ಬಂದ ಇನ್‌ಸ್ಪೆಕ್ಟರು, ಎಲ್.ಎಸ್. ಪಾಸಾದ ಹೆಂಗಸು ಯಾರಾದರೂ ಈ ಊರಲ್ಲೇ ಇದ್ದರೆ ಹೇಳಿ, ನೇಮಕ ಮಾಡಿಸುತ್ತೇನೆ ಅಂದರು. ಪಾಸಾದವರು ಊರಲ್ಲಿರಲಿ, ಸುತ್ತಮುತ್ತಲೂ ಇರಲಿಲ್ಲ. ಪರೀಕ್ಷೆಯ ಬಾಗಿಲಲ್ಲಿ ಹಿಡಿದು ಎಳೆದುಕೊಂಡು ಬಂದ ನಾನೊಬ್ಬಳಿದ್ದೆ. ಆ ಕೆಲಸ ನನಗೆ ಬೇಕಾಗಿತ್ತು. ಮನೆ ನಡೆಯಲಿ ಎಂದಲ್ಲ, ಊರು ಉದ್ಧಾರವಾಗಲಿ ಎಂದೂ ಅಲ್ಲ. ನನ್ನಿಂದ ಕಿತ್ತುಕೊಂಡದ್ದನ್ನು ನಾನು ವಾಪಸು ಇಸಿದುಕೊಳ್ಳಬೇಕಾಗಿತ್ತು. ಮನೆಯಲ್ಲಿ ಹಾಗೇ ಹೇಳಿದೆ.

ಯಜಮಾನರು ನಕ್ಕರು, ಆದರೆ ಬೇಡ ಅನ್ನಲಿಲ್ಲ. ಖಾಸಗಿಯಾಗಿ ಪರೀಕ್ಷೆ ಕಟ್ಟುವ ಅರ್ಜಿಯನ್ನು ಅವರೇ ತಂದು, ಗಂಡನ ಹೆಸರು ಎಂಬಲ್ಲಿ ತಮ್ಮ ಹೆಸರನ್ನು ತಾವೇ ಬರೆದುಕೊಂಡರು. ಅತ್ತೆ ಮಾತ್ರ ಒಂದು ಮಾತು ಹಾಕಿದರು.

"ಕಟ್ಟಮ್ಮಿ, ಯಾರ್ ಬ್ಯಾಡ ಅಂದೋರು? ಆದ್ರೆ ಮನೆ ಕೆಲ್ಸ ನಿಲ್ಲಂಗಿಲ್ಲ. ಪುಸ್ತಕ ಇಡ್ಕಂಡು ಮೂಲೇಲಿ ಕೂತ್ಕಂಡ್ರೆ ಒಲೆಗಾಕ್ಬುಡ್ತೀನಿ."

ಹೀಗಾಗಿ ನನ್ನ ಓದೆಲ್ಲ ಬೀಸುವ ಕಲ್ಲಿನ ಮುಂದೆ ನಡೆಯಿತು. ಬೆಳಗಿನ ಹೊತ್ತು ರಾಗಿ ಬೀಸುವಾಗ ಅತ್ತೆ ಒಂದು ಕಡೆ, ನಾನು ಒಂದು ಕಡೆ, ಗೂಟ ಇಬ್ಬರ ಕೈಯಲ್ಲಿ. ಬೀಸುವಾಗ ಹೆಂಗಸರು ಪದ ಹೇಳುವುದು ರೂಢಿ. ಅದೇ ಧಾಟಿಯಲ್ಲಿ ನಾನು ಪ್ರಶ್ನೋತ್ತರ ಶುರುಮಾಡಿದೆ. ಆಗ ಉತ್ತರ ಅಂದರೆ ಬಾಯಿಪಾಠ. ಪುಸ್ತಕದಲ್ಲಿದ್ದದ್ದು ಒಂದಕ್ಷರ ಬದಲಾಗದೆ ಹಾಳೆಗೆ ಇಳಿಯಬೇಕು. ರಸ್ತೆ ಬದಿಯಲ್ಲಿ ಸಾಲುಮರ ನೆಡಿಸಿದ ಚಕ್ರವರ್ತಿ, ಮಾನ್‌ಸೂನ್ ಮಾರುತಗಳು, ಗ್ರಾಮ ಪಂಚಾಯಿತಿಯ ಕರ್ತವ್ಯಗಳು, ಎಲ್ಲವೂ ರಾಗಿಯ ಜೊತೆ ಸುತ್ತು ಹಾಕಿದವು. ಒಂದು ದಿನ ವಿಜಯನಗರಕ್ಕೆ ಬಂದೆ.

"ವಿಜಯನಗರದ ಅರಸರಲ್ಲಿ ಸುಪ್ರಸಿದ್ಧನಾದವನು..." ಅಂದವಳು ಬಾಯಿ ಮುಚ್ಚಿದೆ. ಕಲ್ಲು ತಾನಾಗಿ ಸುತ್ತುತ್ತಿತ್ತು.

"ಯಾಕಮ್ಮಿ ನಿಲ್ಲಿಸ್ಬುಟ್ಟೆ?" ಅತ್ತೆ ಕೇಳಿದರು.

"ಎಸ್ರು ಬತ್ತದೆ ಅತ್ತೆ."

"ಯಾರೆಸ್ರು?"

"ಇವರ್ದೇ."

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ರಾಜಂಗೂ ಅದೇ ಎಸ್ರಾ? ಬುಡು, ಅದ್ನ ಇಟ್ಟೋಳು ನಾನು, ನಾನ್ ಯೋಳ್ತೀನಿ. ನೀ ಮುಂದುಕ್ಕೋಗು."

ಅಂದಿನಿಂದ ಅದೊಂದು ಏರ್ಪಾಡಾಯಿತು. ಹೆಸರು ಬರುವ ಜಾಗಕ್ಕೆ ನಾನು ನಿಲ್ಲುತ್ತಿದ್ದೆ, ಅತ್ತೆ ಮಗನನ್ನು ಊಟಕ್ಕೆ ಕೂಗುವ ದನಿಯಲ್ಲಿ ಹೇಳಿಬಿಡುತ್ತಿದ್ದರು, "ದೇವರಾಯ" ಅನ್ನುವ ಬಾಲವನ್ನು ನಾನು ಸೇರಿಸಿ ಮುಂದೆ ಹೋಗುತ್ತಿದ್ದೆ. ಹೆತ್ತವಳಿಗೆ ಆ ಕಟ್ಟಳೆ ಇಲ್ಲವಲ್ಲ. ಅತ್ತೆಗೆ ರಾಯನ ಮೇಲೆ ಅಭಿಮಾನವೇ ಹುಟ್ಟಿತು. ಅವನಿಗೆ ಒಬ್ಬರಿಗಿಂತ ಹೆಚ್ಚು ರಾಣಿಯರಿದ್ದರೆಂದು ಕೇಳಿ, "ಅವ್ರೆಲ್ಲ ಅವನ್ನ ಏನಂತ ಕರೀತಿದ್ರೋ ಪಾಪ" ಎಂದು ನಿಜವಾಗಿಯೂ ಚಿಂತೆಮಾಡಿದರು. ಭೂಗೋಳದಲ್ಲಿ ದಕ್ಷಿಣ ಭಾರತದ ನದಿಗಳು ಬಂದಾಗ ಗೋದಾವರಿ ನನ್ನದು, ನಡುವಿನದು ಅತ್ತೆಯದು, ಕಾವೇರಿ ಮತ್ತೆ ನನ್ನದು. ಇಬ್ಬರೂ ಸೇರಿ ಪಾಠ ಮುಗಿಸಿದೆವು. ನನಗೆ ಎಲ್ಲ ಬಾಯಿಗೆ ಬಂದಿದೆ ಎಂದೇ ನಂಬಿದ್ದೆ.

ಪರೀಕ್ಷೆ ಕಟ್ಟಿದ್ದು ಹುಣಸೂರಿನಲ್ಲಿ, ಅಲ್ಲಿ ನನ್ನ ಸೋದರಮಾವನ ಮನೆ ಇತ್ತು. ಪರೀಕ್ಷೆಯ ಹಾಲಿನಲ್ಲಿ ನನ್ನ ಸುತ್ತ ಚಡ್ಡಿ ಹುಡುಗರು, ಲಂಗದ ಹುಡುಗಿಯರು. ತಾಳಿ ಕಾಲುಂಗುರದವಳು ನಾನೊಬ್ಬಳೇ. ಕನ್ನಡದ ಪತ್ರಿಕೆಯಲ್ಲಿ ಒಂದು ಮಾತು ಕೊಟ್ಟು, ಯಾರು ಯಾರಿಗೆ ಹೇಳಿದರು ಎಂದು ಕೇಳಿದ್ದರು. ರಣರಂಗದಲ್ಲಿ ಬಿಲ್ಲು ಕೆಳಗಿಟ್ಟು ಕೂತವನಿಗೆ ಅವನ ರಥ ಹೊಡೆಯುವವನು ಹೇಳಿದ ಮಾತು. "ಈ ಮಾತನ್ನು ಸಾರಥಿಯು ಹೇಳಿದನು" ಎಂದು ಬರೆದು ಪಾರಾದೆ. ಪೌರನೀತಿಯಲ್ಲಿ ಪೌರನ ಹಕ್ಕುಗಳು ಯಾವುವು ಎಂದಿತ್ತು. ಮಾತನಾಡುವ ಸ್ವಾತಂತ್ರ್ಯದ ಬಗ್ಗೆ ಒಂದು ಪುಟ ಬರೆದೆ. ಅದಕ್ಕೆ ಪೂರ್ತಿ ಅಂಕ ಬಂದಿರಲೇಬೇಕು.

ಅದಾದ ಮೇಲೆ ಚರಿತ್ರೆ, ಭೂಗೋಳ. ವಿಜಯನಗರದ ಅತ್ಯಂತ ಪ್ರಸಿದ್ಧ ಅರಸನ ಆಡಳಿತವನ್ನು ವಿವರಿಸಿ. ದಕ್ಷಿಣ ಭಾರತದ ಮುಖ್ಯ ನದಿಗಳನ್ನು ಅವುಗಳ ಉಗಮಸ್ಥಾನದೊಡನೆ ಬರೆಯಿರಿ. ಬಿಟ್ಟ ಸ್ಥಳ ತುಂಬಿರಿ. ಎಲ್ಲವೂ ಬೀಸುವ ಕಲ್ಲಿನ ಮುಂದೆ ಸುತ್ತಿದ್ದೇ. ನನ್ನ ಕೈ ಓಡುತ್ತ ಓಡುತ್ತ ಹೆಸರಿನ ಜಾಗಕ್ಕೆ ಬಂದು ನಿಂತಿತು. ಎದುರಿಗೆ ಅತ್ತೆ ಇರಲಿಲ್ಲ.

ಬರೆಯಲು ಹೋದರೆ ಮನೆ ಬಿಡುವಾಗ ಯಜಮಾನರು ಗಾಡಿಯವರೆಗೂ ಬಂದು ನಿಂತಿದ್ದದ್ದು ಕಣ್ಣಿಗೆ ಬಂತು. ರಾಯನನ್ನು "ಆ ಮಹಾರಾಯರು" ಎಂದು ಕರೆದೆ. ವಿಜಯನಗರದಲ್ಲಿ ಮಹಾರಾಯರಿಗೇನು ಬರ ಇತ್ತೇ? ಗೋದಾವರಿಗೂ ಕಾವೇರಿಗೂ ನಡುವೆ ಒಂದು ಗೆರೆ ಎಳೆದು, ಅದರ ಮುಂದೆ ಉಗಮಸ್ಥಾನವನ್ನು ಮಾತ್ರ ಬರೆದೆ. ಮೇಲ್ವಿಚಾರಣೆಯ ಟೀಚರಮ್ಮ ಪಕ್ಕದಲ್ಲಿ ನಿಂತು ನೋಡಿ, "ಖಾಲಿ ಬಿಟ್ಟಿದ್ದೀಯಲ್ಲಮ್ಮ, ಗೊತ್ತಿಲ್ವಾ?" ಎಂದರು.

"ಗೊತ್ತು."

"ಗೊತ್ತಿದ್ದರೆ ಬರಿ."

"ಬರೆಯಂಗಿಲ್ಲ."

ಅವರು ನನ್ನನ್ನು ಒಂದು ಥರ ನೋಡಿ ಮುಂದೆ ಹೋದರು. ಆ ಒಂದು ಪತ್ರಿಕೆಯಲ್ಲಿ ಸ್ವಲ್ಪದರಲ್ಲಿ ಫೇಲಾದೆ. ಉಳಿದದ್ದೆಲ್ಲ ಪಾಸು.

ಗೊತ್ತಿಲ್ಲದೆ ಫೇಲಾದವರು ಅತ್ತು ಸುಮ್ಮನಾಗಬಹುದು. ಗೊತ್ತಿದ್ದೂ ಫೇಲಾದವಳಿಗೆ ಅಳುವೂ ಬರುವುದಿಲ್ಲ, ಮೈಯೆಲ್ಲ ಉರಿಯುತ್ತದೆ. ಅತ್ತೆ ಕನಿಕರದಿಂದಲೇ, "ಓಗ್ಲಿ ಬುಡಮ್ಮಿ, ನಿನ್ನ ಅಣೇಲಿ ಬರ್ದಿಲ್ಲ" ಅಂದರು. ಆ ಕನಿಕರ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಯಜಮಾನರಿಗೆ ವಿಷಯ ತಿಳಿದು ಜಗುಲಿಯ ಮೇಲೆ ಬಿದ್ದುಬಿದ್ದು ನಕ್ಕರು.

"ಗಂಡನ ಎಸ್ರು ಬರಿಯಕ್ಕೆ ಎದ್ರಿ ಫೇಲಾದೋಳು ಮೈಸೂರು ಸೀಮೇಲೇ ನೀನೊಬ್ಳೇ ಕಣಮ್ಮಿ. ಮುಂದಿನ್ ಸಲ ಬರುದ್ಬುಡು. ನಾನೇನು ಉಪ್ಪಿನ ಗೊಂಬೇನಾ, ಕರ್ಗೋಗಕ್ಕೆ?"

"ಬರೀತೀನಿ, ನೋಡ್ತಿರಿ" ಅಂದೆ. ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ಅಂದಿನಿಂದ ಬೀಸುವಾಗ ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

ಐವತ್ತಾರರ ನವೆಂಬರಿನಲ್ಲಿ ನಮ್ಮ ರಾಜ್ಯ ದೊಡ್ಡದಾಯಿತು. ಕನ್ನಡ ಮಾತನಾಡುವ ಸೀಮೆಗಳೆಲ್ಲ ಸೇರಿದವು. ಊರಲ್ಲಿ ಬಾವುಟ ಹಾರಿಸಿ ಮಕ್ಕಳಿಗೆ ಸಕ್ಕರೆ ಹಂಚಿದರು. ನಾನೂ ಸಂತೋಷವಾಗಿಯೇ ಕೈಯೊಡ್ಡಿ ಸಕ್ಕರೆ ತಿಂದು ಮನೆಗೆ ಬಂದ ಮೇಲೆ ಹೊಳೆಯಿತು. ಎಲ್ಲೋ ಪರರಾಜ್ಯದಲ್ಲಿ ಹರಿದುಕೊಂಡಿದ್ದ ಆ ನದಿ ಈಗ ನಮ್ಮ ರಾಜ್ಯದ ನದಿಯಾಗಿತ್ತು. ಇನ್ನು ಅದನ್ನು ಕೇಳದೆ ಯಾವ ಪ್ರಶ್ನೆಪತ್ರಿಕೆಯೂ ಇರುವುದಿಲ್ಲ. ಒಳ್ಳೆಯದೇ ಆಯಿತು, ಬರಲಿ ಅಂದುಕೊಂಡೆ.

ಪರೀಕ್ಷೆ ಹತ್ತಿರ ಬರುವಾಗ ಯಜಮಾನರು ಬಿದಿರು ತರಲೆಂದು ಗಾಡಿ ಕಟ್ಟಿಕೊಂಡು ಕಾಡಂಚಿನ ವೀರನಹೊಸಹಳ್ಳಿಯ ಕಡೆ ಹೋದರು. ಬಿದಿರಿನ ಜೊತೆಗೆ ಚಳಿಜ್ವರವನ್ನೂ ಹೇರಿಕೊಂಡು ಬಂದರು. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು, ಆಮೇಲೆ ಮೈ ಕಾದ ಹೆಂಚು. ಕೆ.ಆರ್.ನಗರದ ಡಾಕ್ಟರು ಕ್ವಿನೈನ್ ಕೊಟ್ಟಿದ್ದರು. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಅತ್ತೆ ಕೈಗೆ ತಾಯತ ಕಟ್ಟಿ, ದೇವರಿಗೆ ಹರಕೆ ಹೊತ್ತು, ಕೊನೆಗೆ ನನ್ನ ಹತ್ತಿರ ಬಂದರು.

"ಈ ಸಲ ನೀನು ಉಣಸೂರಿಗೆ ಓಗ್‌ಬ್ಯಾಡ."

"ಓಗ್ತೀನಿ ಅತ್ತೆ."

"ಓಗಿ ಅದ್ನ ಬರೀತೀಯ. ನಂಗೊತ್ತು. ಬಾಯಲ್ಲಿ ಅಂದ್ರೆ ಗಾಳೀಲಿ ಓಯ್ತದೆ ಕಣೇ, ಬರುದ್ರೆ ಅಂಗೇ ಉಳ್ಕತದೆ. ಮಲಗಿರೋನ್ ಮೇಲೆ ಯಾಕ್ ಅಟ?"

ನನ್ನ ತಾಯಿಯ ನೆನಪಾಯಿತು. ಅಪ್ಪ ತೀರಿಕೊಂಡ ಮೇಲೆ ಜಮೀನಿನ ಖಾತೆ ಬದಲಾಯಿಸಲು ಶಾನುಭೋಗರ ಮುಂದೆ ಹೋಗಿ ನಿಂತಿದ್ದಳು. ಗಂಡನ ಹೆಸರೇನಮ್ಮ ಎಂದು ಅವರು ಕೇಳಿದರೆ ತಲೆತಗ್ಗಿಸಿಕೊಂಡು, ಸೆರಗು ಹಿಡಿದು ನಿಂತಿದ್ದ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನು ಹೇಳಿದೆ, ಅವರು ಬರೆದುಕೊಂಡರು. ಸತ್ತವನಿಗೆ ಕಡಿಮೆಯಾಗಲು ಇನ್ನೇನು ಆಯಸ್ಸಿತ್ತು ಎಂದು ಆ ವಯಸ್ಸಿಗೇ ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಎಲ್ಲಿತ್ತೋ, ಈಗ ಬಾಯಿಗೆ ಬಂತು.

"ನಮ್ಮವ್ವ ಒಂದ್ ದಿನಾನೂ ಎಸ್ರು ಎತ್ಲಿಲ್ಲ, ನಮ್ಮಪ್ಪ ಓದ್ರು. ನೀವೂ ಎತ್ಲಿಲ್ಲ ಅತ್ತೆ, ಮಾವ ಓದ್ರು. ನಾವ್ ಬಾಯ್ ಮುಚ್ಕಂಡಿದ್ದಕ್ಕೆ ಯಾರು ಬದುಕ್ಕಂಡ್ರು, ನೀವೇ ಯೋಳಿ?"

ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕುಳಿತರು. ಮಾತು ಕಟುವಾಯಿತು, ನಿಜ. ಇವತ್ತಿಗೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅತ್ತೆಯನ್ನು ಎದುರಿಸಿದ್ದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಹೊರಡುವ ಬೆಳಿಗ್ಗೆ. ಯಜಮಾನರ ಹತ್ತಿರ ಹೋಗಿ ನಿಂತೆ. ಹೋದ ವರ್ಷ ಜಗುಲಿಯ ಮೇಲೆ ಬಿದ್ದುಬಿದ್ದು ನಕ್ಕ ಮನುಷ್ಯ ನನ್ನ ಕೈ ಹಿಡಿದುಕೊಂಡರು. ಅವರ ಕೈ ಸುಡುತ್ತಿತ್ತು.

"ಓಗ್ ಬಾ. ಪರೀಕ್ಸೆ ಚೆನ್ನಾಗ್ ಮಾಡು. ಆದ್ರೆ... ಅದೊಂದ್ ಬುಟ್ಬುಡಮ್ಮಿ ಈ ಸಲ. ಮಿಕ್ಕಿದ್ರಲ್ಲಿ ಪಾಸಾಯ್ತೀಯ ಬುಡು."

ಮಿಕ್ಕಿದ್ದರಲ್ಲಿ ಪಾಸಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರ ಕಣ್ಣಲ್ಲಿ ಹೆದರಿಕೆ ಇತ್ತು. ಜ್ವರದಲ್ಲಿ ಮಲಗಿದವನಿಗೆ ಧೈರ್ಯ ಇರಲಿಲ್ಲವೆಂದು ನಾನು ದೂರುವುದಿಲ್ಲ. ಆದರೆ ಅವರ ಹೆದರಿಕೆಗೆ ನಾನು ಮತ್ತೊಂದು ವರ್ಷ ಯಾಕೆ ಕೊಡಬೇಕು? "ಮಾತ್ರೆ ತಪ್ಪಿಸ್‌ಬ್ಯಾಡಿ" ಎಂದಷ್ಟೇ ಹೇಳಿ ಗಾಡಿ ಹತ್ತಿದೆ. ಊರಾಚೆ ಬಂದ ಮೇಲೆ ಅತ್ತುಬಿಟ್ಟೆ. ಗಾಡಿ ಹೊಡೆಯುತ್ತಿದ್ದ ಆಳು ನನ್ನನ್ನು ಸಮಾಧಾನ ಮಾಡಲು ಹೋಗಿ, ಏನು ಹೇಳಬೇಕೋ ತಿಳಿಯದೆ ಎತ್ತುಗಳಿಗೆ ಬೈಯತೊಡಗಿದ.

ಹುಣಸೂರಿನ ಅದೇ ಪರೀಕ್ಷೆಯ ಹಾಲು. ಚರಿತ್ರೆ, ಭೂಗೋಳದ ಪತ್ರಿಕೆ ಕೈಗೆ ಬಂತು. ನಾನು ಅಂದುಕೊಂಡ ಹಾಗೇ ಆಗಿತ್ತು: ನಮ್ಮ ರಾಜ್ಯದ ಮುಖ್ಯ ನದಿಗಳನ್ನು ಹೆಸರಿಸಿ, ಅವುಗಳಲ್ಲಿ ಒಂದರ ವಿಷಯವಾಗಿ ವಿವರವಾಗಿ ಬರೆಯಿರಿ.

ಒಂದರ ವಿಷಯವಾಗಿ ಅಂದಿದ್ದರು. ಕಾವೇರಿಯನ್ನು ಆರಿಸಿಕೊಳ್ಳಬಹುದಾಗಿತ್ತು. ಚುಂಚನಕಟ್ಟೆಯಲ್ಲಿ ಅವಳು ಧುಮುಕುವ ಸದ್ದು ಕೇಳಿಕೊಂಡೇ ಮಲಗುತ್ತಿದ್ದವಳು ನಾನು, ನಿದ್ದೆಗಣ್ಣಿನಲ್ಲೂ ಬರೆಯುತ್ತಿದ್ದೆ. ಹೆಸರಿಸುವ ಜಾಗದಲ್ಲಿ ಒಂದು ನದಿ ಬಿಟ್ಟರೆ ಕಾಲು ಅಂಕ ಹೋಗುತ್ತಿತ್ತು, ಅಷ್ಟೆ. ಆ ಸಂದು ನನಗೆ ಚೆನ್ನಾಗಿ ಕಾಣಿಸಿತು. ಅತ್ತೆಯೂ ಯಜಮಾನರೂ ಪಕ್ಕದಲ್ಲಿ ನಿಂತು, ಅಲ್ಲಿಂದ ನುಸುಳಿಕೊಂಡು ಹೋಗು ಅನ್ನುತ್ತಿದ್ದ ಹಾಗಿತ್ತು. ನುಸುಳುವುದು ಸಾಕಾಗಿತ್ತು ನನಗೆ. ಸಾರಥಿ ಅಂತ ನುಸುಳಿದೆ, ಮಹಾರಾಯರು ಅಂತ ನುಸುಳಿದೆ, ಎಡತೊರೆ ಅಂತ ನುಸುಳಿದೆ. ಇನ್ನೂ ಎಷ್ಟು ಊರು, ಎಷ್ಟು ಹೊಳೆ ಸುತ್ತು ಹಾಕಿಕೊಂಡು ನಡೆಯಬೇಕು? ನಾಳೆ ಆ ಹೆಣ್ಣುಮಕ್ಕಳ ಮುಂದೆ ನಿಂತು ಯಾವ ಬಾಯಲ್ಲಿ ಪಾಠ ಹೇಳಲಿ?

ಶಾಯಿ ಸೀಸೆಯಲ್ಲಿ ಲೆಕ್ಕಣಿಕೆ ಅದ್ದಿ ಆ ನದಿಯನ್ನೇ ಆರಿಸಿಕೊಂಡೆ. ಮೊದಲನೆಯ ಸಲ ಬರೆದಾಗ ಹೆಸರಿನ ಮೇಲೆ ಶಾಯಿ ಹರಡಿತು, ಹೊಡೆದುಹಾಕಿ ಪಕ್ಕದಲ್ಲಿ ದುಂಡಗೆ ಬರೆದೆ. ಎರಡನೆಯ ಸಲಕ್ಕೆ ಒಂದೇ ಏಟಿಗೆ ಬಂತು. ಆಮೇಲೆ "ಅದು", "ಆ ನದಿಯು" ಎಂದು ಬರೆಯಬಹುದಾದ ಕಡೆಗಳಲ್ಲೂ ಬೇಕೆಂದೇ ಹೆಸರನ್ನೇ ಬರೆದೆ. ಪ್ರತಿ ವಾಕ್ಯವೂ ಆ ಹೆಸರಿನಿಂದಲೇ ಶುರುವಾಯಿತು. ಉತ್ತರ ನೋಡಿದ ಪುಣ್ಯಾತ್ಮರು ಈ ಹುಡುಗಿಗೆ ಸರ್ವನಾಮ ಗೊತ್ತಿಲ್ಲ ಅಂದುಕೊಂಡಿರಬೇಕು.

ಮನೆಗೆ ವಾಪಸಾದಾಗ ಅತ್ತೆ ಹಿತ್ತಲಲ್ಲಿದ್ದರು, ಬಂದೆಯಾ ಅನ್ನಲಿಲ್ಲ. ಯಜಮಾನರು ಕಂಬಳಿ ಹೊದ್ದು ಗೋಡೆಗೆ ಒರಗಿ ಕುಳಿತಿದ್ದರು. ಮುಖ ಬಿಳಿಚಿತ್ತು, ಗಂಜಿ ಕುಡಿದ ಲೋಟ ಪಕ್ಕದಲ್ಲಿತ್ತು.

"ಬರುದ್ಯಾ?" ಎಂದರು.

"ಬರುದೆ."

"ಒಂದ್ ಸಲನಾ?"

"ಪುಟ ತುಂಬಾ."

ಅವರು ತಮ್ಮ ಕೈ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಇನ್ನೂ ಇದೆಯಾ ಅನ್ನುವ ಹಾಗೆ ನೋಡಿಕೊಂಡರು. "ಇದ್ದೀನಲ್ಲ" ಎಂದರು. ಆ ಮಾತಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಒಳಗೆ ಹೋಗಿ ನೀರು ಕಾಯಿಸಲು ಇಟ್ಟೆ.

ಜ್ವರ ಮೆಲ್ಲಗೆ ಬಿಟ್ಟಿತು. ಹರಕೆಯಿಂದ ಎಂದು ಅತ್ತೆ, ಕ್ವಿನೈನಿನಿಂದ ಎಂದು ನಾನು. ಆ ವಾದ ಅತ್ತೆ ಇರುವವರೆಗೂ ತೀರಲಿಲ್ಲ. ಬೇಸಿಗೆಯಲ್ಲಿ ಫಲಿತಾಂಶ ಬಂತು, ಪಾಸಾಗಿದ್ದೆ. ಇನ್‌ಸ್ಪೆಕ್ಟರು ಮಾತಿಗೆ ತಪ್ಪಲಿಲ್ಲ. ಆರ್ಡರು ಬಂದ ದಿನ ಊರ ಹೆಂಗಸರು ಬಾಗಿಲಿಗೆ ಬಂದು ನೋಡಿ ಹೋದರು. ಅವರಲ್ಲಿ ಕೆಲವರು, "ಗಂಡನ ಎಸ್ರು ಬರುದು ಪಾಸಾದ್ಲಂತೆ" ಎಂದು ನನಗೆ ಕೇಳುವ ಹಾಗೇ ಆಡಿಕೊಂಡರು. ಹೌದು, ಅದಕ್ಕೇನೀಗ ಎಂದು ಕೇಳಿದೆ.

ಇಷ್ಟಾದರೂ ಬರೆದವಳು ಬಾಯಲ್ಲಿ ಅಂದಿರಲಿಲ್ಲ. ಸ್ಕೂಲಿಗೆ ಹೋಗಬೇಕಾದ ಮೊದಲನೆಯ ದಿನ ಬೆಳಿಗ್ಗೆ ಎಂದಿನಂತೆ ಬೀಸಲು ಕುಳಿತೆವು. ಮಕ್ಕಳಿಗೆ ಹೇಳಬೇಕಾದ ಪಾಠವನ್ನು ಅಭ್ಯಾಸವಾದ ಧಾಟಿಯಲ್ಲೇ ಹೇಳುತ್ತ ಹೋದೆ. ನದಿಗಳು ಬಂದವು. ಹಳೆಯ ರೂಢಿಯಂತೆ ಬಾಯಿ ಅಲ್ಲಿಗೆ ಬಂದು ತಾನಾಗಿ ನಿಂತಿತು. ಅತ್ತೆ ಹೇಳಲಿಲ್ಲ. ಕಲ್ಲು ಒಂದು ಸುತ್ತು ಬಂತು, ಮತ್ತೊಂದು ಸುತ್ತು ಬಂತು. ಅತ್ತೆ ಗೂಟದ ಮೇಲೆ ಕೈ ಬಿಗಿಹಿಡಿದು ಕಲ್ಲನ್ನು ನಿಲ್ಲಿಸಿಬಿಟ್ಟರು.

"ನನ್ನ್ಯಾಕ್ ನೋಡ್ತೀಯ? ನಿನ್ ಇಸ್ಕೂಲಿಗೆ ನಾನ್ ಬಂದು ಯೋಳಕಾಯ್ತದಾ? ಅಷ್ಟೊಂದ್ ಬರುದೋಳಿಗೆ ಬಾಯಿಲ್ವಾ? ಯೋಳು ನೋಡನ."

ಅದು ಪಂಥವೋ ಅಪ್ಪಣೆಯೋ ಅವರಿಗೂ ಗೊತ್ತಿತ್ತೋ ಇಲ್ಲವೋ. ಜಗುಲಿಯ ಮೇಲೆ ಯಜಮಾನರು ಕಾಫಿ ಕುಡಿಯುತ್ತ ಕುಳಿತಿದ್ದರು. ಅವರ ಲೋಟ ಅರ್ಧಕ್ಕೇ ನಿಂತದ್ದು ಬಾಗಿಲಿನಿಂದ ಕಾಣಿಸಿತು. ನಾನು ಕಲ್ಲಿನ ಗೂಟವನ್ನು ಅತ್ತೆಯ ಕೈಯಿಂದ ಬಿಡಿಸಿಕೊಂಡೆ. ಪಾಠ ಹೇಳುವಾಗ ಹೇಗೆ ಹೇಳಬೇಕೋ ಹಾಗೆ, ಜಗುಲಿ ದಾಟಿ ಬೀದಿಯ ಆಚೆ ಮನೆಗೂ ಕೇಳುವಂತೆ ಹೇಳಿದೆ:

"ಕೃಷ್ಣಾ ನದಿಯು ಮಹಾಬಲೇಶ್ವರದ ಬಳಿ ಹುಟ್ಟುತ್ತದೆ."